ಬೆಂಗಳೂರಿನ ಪೇಟೆಯ ಗಲ್ಲಿಗಳಲ್ಲಿ ಜಿಪಿಎಸ್ ನೆರವಿನಿಂದ ನಡೆಯುವುದು ಹೇಗೆ

ಚಿಕ್ಕಪೇಟೆ, ಬಳೇಪೇಟೆ, ನಗರ್ತಪೇಟೆಗಳ ಕಡೆಗೆ ಹೋಗುವವರಿಗೆ ವಾಹನಕ್ಕಿಂತ ಕಾಲ್ನಡಿಗೆಯೇ ಅನುಕೂಲ. ಆದರೆ ಮೊಬೈಲಿನ ನಕ್ಷೆಯನ್ನು ನೆಚ್ಚಿಕೊಂಡವರು ದಾರಿ ತಪ್ಪುವುದೂ ಇಲ್ಲಿಯೇ. ನಾವಿರುವ ಜಾಗವನ್ನು ತೋರಿಸುವ, ನಕ್ಷೆಯ ಮೇಲಿನ ನೀಲಿ ಚುಕ್ಕೆಯನ್ನು ಎಲ್ಲಿ ನಂಬಬೇಕು, ಎಲ್ಲಿ ನಂಬಬಾರದು ಎಂಬುದು ತಿಳಿದಿದ್ದರೆ ಈ ಗಲಿಬಿಲಿ ಬಹುಮಟ್ಟಿಗೆ ತಪ್ಪುತ್ತದೆ.

ಮೊದಲು ಮನೆಯಲ್ಲಿಯೇ ಪೇಟೆಯ ನಕ್ಷೆಯನ್ನು ಮೊಬೈಲಿಗೆ ಇಳಿಸಿಕೊಳ್ಳಿ. ಮೊಬೈಲು ತಾನಿರುವ ಜಾಗವನ್ನು ತಿಳಿಯುವುದು ಜಿಪಿಎಸ್ ಉಪಗ್ರಹಗಳ ಸಂಕೇತದಿಂದ; ಅದನ್ನು ಹಿಡಿಯಲು ಇಂಟರ್‌ನೆಟ್ ಬೇಕಿಲ್ಲ. ನಕ್ಷೆಯ ಚಿತ್ರವನ್ನು ತರಿಸಲು ಮಾತ್ರ ಬೇಕು. ಗೂಗಲ್ ಮ್ಯಾಪ್ಸ್‌ನಲ್ಲಿ ಹೀಗೆ ಇಳಿಸಿಕೊಂಡ ನಕ್ಷೆಯು ಇಂಟರ್‌ನೆಟ್ ಇಲ್ಲದಾಗ ವಾಹನದ ದಾರಿಯನ್ನಷ್ಟೇ ಹೇಳುತ್ತದೆ. ಜನರೇ ಸೇರಿ ರೂಪಿಸುವ ಮುಕ್ತ ನಕ್ಷೆಯಾದ ಓಪನ್‌ಸ್ಟ್ರೀಟ್‌ಮ್ಯಾಪ್ ಆಧಾರಿತ ಆರ್ಗ್ಯಾನಿಕ್ ಮ್ಯಾಪ್ಸ್ ಎಂಬ ಆ್ಯಪ್ ಆಗಲೂ ನಡಿಗೆಯ ದಾರಿ ತೋರಿಸುವುದರಿಂದ, ಪಾದಚಾರಿಗಳು ಅದನ್ನೂ ಇಟ್ಟುಕೊಳ್ಳುವುದು ಒಳ್ಳೆಯದು.

ಹೊರಡುವ ಮುನ್ನ ಒಂದು ರಸ್ತೆಯನ್ನಾದರೂ ಮನಸ್ಸಿನಲ್ಲಿ ಗುರುತಿಟ್ಟುಕೊಳ್ಳಿ. ಹಿಂದೆ ದೊಡ್ಡಪೇಟೆ ಎನಿಸಿಕೊಂಡಿದ್ದ ಅವೆನ್ಯೂ ರಸ್ತೆಯು ಮೈಸೂರು ಬ್ಯಾಂಕ್ ವೃತ್ತದಿಂದ ಕೃಷ್ಣರಾಜೇಂದ್ರ ಮಾರುಕಟ್ಟೆಯವರೆಗೆ ಉತ್ತರ ದಕ್ಷಿಣವಾಗಿ ಸಾಗುತ್ತದೆ. ಅದರ ಪಶ್ಚಿಮಕ್ಕೆ ಚಿಕ್ಕಪೇಟೆ, ಬಳೇಪೇಟೆಗಳಿವೆ. ಪೂರ್ವಕ್ಕೆ ನಗರ್ತಪೇಟೆ ಇದೆ. ನೀವು ಈ ರಸ್ತೆಯ ಯಾವ ಬದಿಯಲ್ಲಿದ್ದೀರಿ ಎಂಬುದೊಂದು ಗೊತ್ತಿದ್ದರೆ ಚುಕ್ಕೆ ಎಷ್ಟೇ ಅಲೆದಾಡಿದರೂ ನೀವು ಅಲೆಯಬೇಕಾಗುವುದಿಲ್ಲ.

ಚಿಕ್ಕಪೇಟೆ ಮೆಟ್ರೋ ನಿಲ್ದಾಣ ನೆಲದಡಿಯಲ್ಲಿದೆ. ಅಲ್ಲಿ ಉಪಗ್ರಹಗಳ ಸಂಕೇತ ತಲುಪುವುದಿಲ್ಲವಾದ್ದರಿಂದ ಮೆಟ್ಟಿಲು ಹತ್ತಿ ಬಂದೊಡನೆ ಕಾಣುವ ಚುಕ್ಕೆಯನ್ನು ನಂಬಬೇಡಿ. ಆಕಾಶ ಚೆನ್ನಾಗಿ ಕಾಣುವ ಕಡೆ ಒಂದು ನಿಮಿಷ ನಿಂತು, ಚುಕ್ಕೆಯ ಸುತ್ತಲಿನ ತಿಳಿನೀಲಿ ವೃತ್ತ ಕುಗ್ಗುವವರೆಗೆ ಕಾಯಿರಿ. ಆ ವೃತ್ತವೇ ಮೊಬೈಲು ಒಪ್ಪಿಕೊಳ್ಳುವ ತಪ್ಪಿನ ಅಳತೆ. ಬಳಿಕ ನೀವು ಹೊರಬಂದ ದ್ವಾರವನ್ನು ನಕ್ಷೆಯಲ್ಲಿ ಉಳಿಸಿಕೊಳ್ಳಿ, ಹಿಂದಿರುಗುವಾಗ ಬೇಕಾಗುತ್ತದೆ.

ನಿಂತಲ್ಲಿ ಚುಕ್ಕೆ ತೋರಿಸುವ ದಿಕ್ಕು ಮೊಬೈಲಿನೊಳಗಿನ ದಿಕ್ಸೂಚಿಯದ್ದು. ಕಬ್ಬಿಣದ ಷಟರ್, ನಿಲ್ಲಿಸಿದ ವಾಹನ, ಅಯಸ್ಕಾಂತವಿರುವ ಕವರ್ ಇವೆಲ್ಲವೂ ಅದನ್ನು ಕೆಡಿಸುತ್ತವೆ. ಮೊಬೈಲನ್ನು ಗಾಳಿಯಲ್ಲಿ 8ರ ಆಕಾರದಲ್ಲಿ ಕೆಲವು ಬಾರಿ ಆಡಿಸಿದರೆ ದಿಕ್ಕು ತಕ್ಕಮಟ್ಟಿಗೆ ಸರಿಹೋಗುತ್ತದೆ. ಅದಕ್ಕಿಂತಲೂ ಖಚಿತವಾದ ಉಪಾಯವೆಂದರೆ ಇಪ್ಪತ್ತು ಮೂವತ್ತು ಹೆಜ್ಜೆ ನೇರವಾಗಿ ನಡೆದು, ಚುಕ್ಕೆ ಯಾವ ಕಡೆಗೆ ಸರಿಯಿತು ಎಂದು ನೋಡುವುದು.

ಗಲ್ಲಿಯನ್ನು ಹೊಕ್ಕ ಮೇಲೆ ಹೆಚ್ಚಿನ ಎಚ್ಚರ ಬೇಕು. ಸುಮಾರು 20,200 ಕಿ.ಮೀ. ಎತ್ತರದಲ್ಲಿ ಸುತ್ತುವ ಜಿಪಿಎಸ್ ಉಪಗ್ರಹಗಳ ಪೈಕಿ ಕನಿಷ್ಠ ನಾಲ್ಕರ ಸಂಕೇತ ನೇರವಾಗಿ ಸಿಕ್ಕರೆ, ಬಯಲಿನಲ್ಲಿ ಮೊಬೈಲು ಸುಮಾರು 5 ಮೀಟರಿನಷ್ಟು ನಿಖರವಾಗಿ ಜಾಗ ತೋರಿಸಬಲ್ಲದು. ಇಕ್ಕೆಲಗಳಲ್ಲೂ ಮೂರು ನಾಲ್ಕು ಅಂತಸ್ತಿನ ಕಟ್ಟಡಗಳು ಒತ್ತರಿಸಿಕೊಂಡು ನಿಂತ ಗಲ್ಲಿಯಲ್ಲಿ ಆಕಾಶ ಒಂದು ಪಟ್ಟಿಯಷ್ಟೇ ಕಾಣುತ್ತದೆ, ಪಕ್ಕಗಳಿಂದ ಬರುವ ಸಂಕೇತ ಗೋಡೆಗೆ ಬಡಿದು, ಬಳಸಿಕೊಂಡು, ತಡವಾಗಿ ಬರುತ್ತದೆ. ಆ ತಡವನ್ನು ಮೊಬೈಲು ದೂರವೆಂದು ತಿಳಿಯುತ್ತದೆ. ಗಲ್ಲಿಯ ಉದ್ದಕ್ಕೆ ಆಕಾಶ ತೆರೆದಿರುವುದರಿಂದ ಉದ್ದದ ಅಳತೆ ಅಷ್ಟಾಗಿ ಕೆಡದು. ಕೆಡುವುದು ಹೆಚ್ಚಾಗಿ ಅಡ್ಡದ ಅಳತೆ. ಚುಕ್ಕೆ ಗೋಡೆ ದಾಟಿ ಪಕ್ಕದ ಗಲ್ಲಿಗೆ ಹಾರುವುದು ಇದರಿಂದಲೇ. ಆದ್ದರಿಂದ ಎಷ್ಟು ದೂರ ಬಂದಿದ್ದೀರಿ ಎಂಬುದನ್ನು ಚುಕ್ಕೆಯಿಂದ ತಿಳಿಯಿರಿ. ಯಾವ ಗಲ್ಲಿಯಲ್ಲಿದ್ದೀರಿ ಎಂಬುದನ್ನು ಅಂಗಡಿಗಳ ಬೋರ್ಡಿನ ಕೆಳಸಾಲಿನಲ್ಲಿರುವ ವಿಳಾಸದಿಂದ ತಿಳಿಯಿರಿ. ನಾನು ಇದನ್ನು ಅರಿಯುವ ಮೊದಲು, ಸೀರೆ ಕೊಳ್ಳಲು ಬಂದಿದ್ದ ಚಿಕ್ಕಮ್ಮನನ್ನು ಚುಕ್ಕೆಯ ಹಿಂದೆ ಎರಡು ಬಾರಿ ಸುತ್ತಿಸಿ, ಕೊನೆಗೆ ಹೊರಟ ಗಲ್ಲಿಯಲ್ಲಿಯೇ ಅಂಗಡಿಯನ್ನು ಕಂಡಿದ್ದೆ.

ತಿರುವುಗಳನ್ನು ಎಣಿಸುವುದೂ ಉಪಯುಕ್ತ. ‘50 ಮೀಟರ್ ಬಳಿಕ ಎಡಕ್ಕೆ’ ಎಂಬ ಸೂಚನೆಗಿಂತ ‘ಎಡಗಡೆಯ ಮೂರನೆಯ ಗಲ್ಲಿ’ ಎಂದು ನಕ್ಷೆಯಲ್ಲಿ ನೋಡಿಕೊಂಡು ಹೋಗುವುದು ಇಲ್ಲಿ ಮೇಲು. ಅನುಮಾನ ಬಂದರೆ ಗಲ್ಲಿಯ ನಡುವೆ ನಿಲ್ಲದೆ, ತಲೆಹೊರೆ ಹೊತ್ತವರಿಗೆ ದಾರಿ ಬಿಟ್ಟು, ಅಂಗಡಿಯ ಪಕ್ಕಕ್ಕೆ ಸರಿದು ಮೊಬೈಲು ನೋಡಿ. ಅಂಗಡಿಯವರನ್ನು ಕೇಳುವುದಾದರೆ ವಿಳಾಸವನ್ನಷ್ಟೇ ಹೇಳದೆ, ಹತ್ತಿರದ ಗುಡಿಯ ಹೆಸರನ್ನೋ ಅಲ್ಲಿ ಮಾರುವ ಸರಕನ್ನೋ ಹೇಳಿದರೆ ಬೇಗ ಉತ್ತರ ಸಿಗುತ್ತದೆ.

ಮಾರುಕಟ್ಟೆಯ ಬಳಿ ಮೇಲ್ಸೇತುವೆ ಇದೆ. ಚುಕ್ಕೆಗೆ ಸೇತುವೆಯ ಮೇಲು ಕೆಳಗುಗಳ ವ್ಯತ್ಯಾಸ ಅಷ್ಟಾಗಿ ತಿಳಿಯದು. ನಕ್ಷೆಯಲ್ಲಿ ನಡಿಗೆಯ ಗುರುತನ್ನೇ ಆರಿಸಿದ್ದೀರೆಂದು ಖಚಿತಪಡಿಸಿಕೊಂಡು, ಕೆಳಗಿನ ರಸ್ತೆಯಲ್ಲೇ ಸಾಗಿರಿ.

ಹುಡುಕಿದ ಅಂಗಡಿ ಸಿಕ್ಕ ಮೇಲೆ ಅದರ ಲೊಕೇಶನ್ ಅನ್ನು ಮನೆಯವರಿಗೆ ಕಳುಹಿಸುವುದಿದ್ದರೆ, ನಿಂತಲ್ಲಿಂದಲೇ ಹಾಗೆಯೇ ಕಳುಹಿಸಬೇಡಿ. ಚುಕ್ಕೆ ಪಕ್ಕದ ಗಲ್ಲಿಯಲ್ಲಿದ್ದರೆ ಅವರೂ ಅಲ್ಲಿಗೇ ಹೋಗುತ್ತಾರೆ. ನಕ್ಷೆಯನ್ನು ದೊಡ್ಡದು ಮಾಡಿ, ಸರಿಯಾದ ಗಲ್ಲಿಯ ಮೇಲೆ ಬೆರಳೊತ್ತಿ ಪಿನ್ ಇಟ್ಟು, ಎದುರಿನ ಅಂಗಡಿಯ ಹೆಸರನ್ನೂ ಅವೆನ್ಯೂ ರಸ್ತೆಯಿಂದ ಎಷ್ಟನೆಯ ತಿರುವು ಎಂಬುದನ್ನೂ ಜೊತೆಗೆ ಬರೆದು ಕಳುಹಿಸಿ.