ಹಳೇ ಸ್ಪೀಡ್‌ಬೋಟ್ ಬೇಕಾ? ವಾರ್ನಿಷ್ ಬಿಡಿ, ನಂಬರ್ ಓದಿ

ಡೆಟ್ರಾಯಿಟ್ ಸುತ್ತಮುತ್ತ ಕಾರ್ ಕಂಪನಿಗಳಲ್ಲಿ ಕೆಲಸ ಮಾಡುವ ನಮ್ಮ ಕನ್ನಡದವರಲ್ಲಿ ಕೆಲವರಿಗೆ ಒಂದು ಹೊಸ ಹುಚ್ಚು ಹಿಡಿದಿದೆ. ಸರೋವರದ ಪಕ್ಕ ಮನೆ ತಗೊಂಡರೆ ಸಾಲದು, ದಡದಲ್ಲಿ ಒಂದು ಹಳೇ ಮರದ ಮೋಟಾರ್ ಬೋಟ್ ನಿಂತಿರಲೇಬೇಕು. ಹುಚ್ಚೇನೋ ಒಳ್ಳೇದೇ, ಆದರೆ ಅವರು ಕೊಳ್ಳುವ ರೀತಿ ನೋಡಿದರೆ ಹೊಟ್ಟೆ ಉರಿಯುತ್ತದೆ. ಮಹಾಗನಿ ಪಳಪಳ ಹೊಳೆಯುತ್ತದೆ, ಪಕ್ಕದಲ್ಲಿ ಕ್ರಿಸ್-ಕ್ರಾಫ್ಟ್ ಅಂತ ಬರೆದಿದೆ, ಮಾರುವವರು '1940ರದ್ದು, ಭಾರೀ ಅಪರೂಪ' ಅಂದರು, ಸಂಜೆಯೊಳಗೆ ದುಡ್ಡು ಕೈ ಬದಲಾಯಿತು. ಆಮೇಲೆ ನೋಡಿದರೆ ಯಾರೋ ನಕ್ಷೆ ತರಿಸಿಕೊಂಡು ತಮ್ಮ ಗ್ಯಾರೇಜಿನಲ್ಲಿ ಕಟ್ಟಿದ ಬೋಟು. ಹಾಗೆ ಕಟ್ಟೋದು ತಪ್ಪಲ್ಲ, ಹಿಂಬದಿ ಪೀಪಾಯಿಯ ಹಾಗೆ ಉರುಟಾಗಿರುವ ಬ್ಯಾರೆಲ್‌ಬ್ಯಾಕ್ ಮಾದರಿಗೆ ನಕ್ಷೆಗಳೇ ಮಾರಾಟಕ್ಕಿವೆ. ಅಸಲಿ ಅಂತ ಅದಕ್ಕೆ ದುಡ್ಡು ಕೊಡೋದು ತಪ್ಪು.

1. ಯಾವ ಬೋಟ್ ಬೇಕು ಅಂತ ಮೊದಲು ತೀರ್ಮಾನಿಸಿ

ಹಳೇದೆಲ್ಲ ಅಪರೂಪವಲ್ಲ. ಮಿಷಿಗನ್‌ನ ಆಲ್ಗೊನಾಕ್ ಊರಿನಲ್ಲಿ ಶುರುವಾದ ಕ್ರಿಸ್-ಕ್ರಾಫ್ಟ್ ಕಂಪನಿ ರಾಶಿ ರಾಶಿ ಬೋಟ್ ಮಾಡಿದೆ. ಎರಡನೇ ಮಹಾಯುದ್ಧ ಮುಗಿದ ಮೇಲೆ ಬಂದ 17 ಅಡಿಯವು, 22 ಅಡಿಯ ಸ್ಪೋರ್ಟ್ಸ್‌ಮನ್, ಇವೆಲ್ಲ ಇವತ್ತಿಗೂ ಸಿಗುತ್ತವೆ, ಅವಸರ ಬೇಡ. ಅದೇ ಕಂಪನಿಯ 19 ಅಡಿಯ ರೇಸಿಂಗ್ ರನ್‌ಅಬೌಟ್ 1948ರಿಂದ 1954ರವರೆಗೆ ತಯಾರಾಗಿದ್ದು 503 ಮಾತ್ರ. 1955ರಲ್ಲಿ ಬಂದ ಕೋಬ್ರಾ, ಬೆನ್ನ ಮೇಲೆ ಚಿನ್ನದ ಬಣ್ಣದ ಫೈಬರ್‌ಗ್ಲಾಸ್ ರೆಕ್ಕೆ ಇರುವುದು, ಅದಕ್ಕಿಂತಲೂ ತುಂಬಾ ಕಮ್ಮಿ. ಹಳೇ ಬೋಟ್ ಪ್ರಿಯರ ದೊಡ್ಡ ಸಂಘವಾದ ಎಸಿಬಿಎಸ್ 1919ರಿಂದ 1942ರವರೆಗಿನದನ್ನು ಆಂಟಿಕ್ ಅನ್ನುತ್ತದೆ, 1943ರಿಂದ 1975ರವರೆಗಿನದು ಕ್ಲಾಸಿಕ್. ಜಾಹೀರಾತಿನಲ್ಲಿ 1956ರ ಬೋಟಿಗೆ 'ಆಂಟಿಕ್' ಅಂತ ಹಾಕಿದ್ದರೆ, ಬರೆದವರಿಗೆ ಈ ಲೋಕದ ಪರಿಚಯ ಕಮ್ಮಿ ಅಂತ ಅರ್ಥ. ಇದು ನಿಮಗೆ ಲಾಭವೂ ಆಗಬಹುದು.

ನನ್ನ ಮಾತು ಕೇಳುವುದಾದರೆ ಮೊದಲ ಬೋಟಿಗೆ 18 ಅಡಿ ದಾಟಬೇಡಿ.

2. ಹುಡುಕೋದು

ಜಾಹೀರಾತು ತಾಣಗಳಲ್ಲಿ ಸರಿಯಾದ ಹೆಸರು ಹಾಕಿ ಎಲ್ಲರೂ ಹುಡುಕುತ್ತಾರೆ, ನೀವು ತಪ್ಪು ಹೆಸರು ಹಾಕಿ ಹುಡುಕಿ. ಕ್ರಿಸ್‌ಗೆ ಎಚ್ ಬಿಟ್ಟು, ಕ್ರಾಫ್ಟ್‌ಗೆ ಸಿ ಬದಲು ಕೆ ಹಾಕಿ, ಎರಡನ್ನೂ ಸೇರಿಸಿ ಒಂದೇ ಪದ ಮಾಡಿ. 'ತಾತನ ಹಳೇ ಮರದ ಬೋಟ್' ಅಂತಲೂ ಹುಡುಕಿ. ಒಳ್ಳೆ ಮಾಲು ಬರುವುದು ಬೋಟಿನ ಗಂಧಗಾಳಿ ಗೊತ್ತಿಲ್ಲದ ಮೊಮ್ಮಕ್ಕಳ ಕೈಯಿಂದ.

ಕಾಲವೂ ಮುಖ್ಯ. ಸೆಪ್ಟೆಂಬರ್ ಕೊನೆಗೆ, ಅಕ್ಟೋಬರಿನಲ್ಲಿ ನೋಡಿ. ನೀರು ಹೆಪ್ಪುಗಟ್ಟುವ ಮೊದಲು ಬೋಟು ಮೇಲೆತ್ತಿ ಎಲ್ಲಾದರೂ ಇಡಬೇಕು, ಅದಕ್ಕೆ ಬಾಡಿಗೆ ಕಟ್ಟಬೇಕು, ಆಗ ಎಷ್ಟೋ ಜನಕ್ಕೆ 'ಹೋಗ್ಲಿ, ಮಾರಿಬಿಡೋಣ' ಅನಿಸುತ್ತದೆ. ಮೇ ತಿಂಗಳಲ್ಲಿ ಹೋದರೆ ಅದೇ ಬೋಟಿಗೆ ಜಾಸ್ತಿ ಹೇಳುತ್ತಾರೆ.

ಆಗಸ್ಟಿನಲ್ಲಿ ಮಿಷಿಗನ್‌ನ ಉತ್ತರಕ್ಕೆ ಹೆಸಲ್ ಅನ್ನೋ ಪುಟ್ಟ ಊರಿನಲ್ಲಿ ಮರದ ಬೋಟುಗಳ ಪ್ರದರ್ಶನ ನಡೆಯುತ್ತದೆ. ಅಲ್ಲಿ ಕೊಳ್ಳೋಕೆ ಹೋಗಬೇಡಿ, ಕಣ್ಣು ಪಳಗಿಸೋಕೆ ಹೋಗಿ. ಅಸಲಿ ಬೋಟಿನ ಹ್ಯಾಂಡಲ್, ಗಾಜಿನ ಚೌಕಟ್ಟು, ಮೀಟರುಗಳನ್ನು ಹತ್ತಿರದಿಂದ ನೋಡಿ, ಮಾಲೀಕರನ್ನು ಮಾತಾಡಿಸಿ. ಕೂದಲು ಬೆಳ್ಳಗಾದ ಮಾಲೀಕರಿಗೆ ಯಾರ ಕೊಟ್ಟಿಗೆಯಲ್ಲಿ ಏನು ಕೊಳೆಯುತ್ತಾ ಬಿದ್ದಿದೆ ಅಂತ ಪೂರ್ತಿ ಗೊತ್ತಿರುತ್ತದೆ.

3. ಬೋಟಿನ ಗುರುತು ಹಿಡಿಯೋದು: ಎಲ್ಲರೂ ಎಡವುವುದು ಇಲ್ಲೇ

ಮೊದಲ ನಿಯಮ, ಹೆಸರಿನ ಅಕ್ಷರ ನಂಬಬೇಡಿ. ಕ್ರೋಮ್ ಅಕ್ಷರಗಳು, ಸ್ಟಿಕರ್, ಧ್ವಜದ ಕಂಬ, ಸ್ಟೀರಿಂಗ್ ಚಕ್ರ ಎಲ್ಲವೂ ಹೊಸದಾಗಿ ಅಂಗಡಿಯಲ್ಲಿ ಸಿಗುತ್ತವೆ. ನಿಮಗೆ ಬೇಕಾದದ್ದು ಹಲ್ ನಂಬರ್, ಅಂದರೆ ಬೋಟಿನ ಒಡಲಿಗೆ ಕಾರ್ಖಾನೆ ಕೊಟ್ಟ ನಂಬರ್.

ಕ್ರಿಸ್-ಕ್ರಾಫ್ಟ್ ಆದರೆ ಎಂಜಿನ್ ಮುಚ್ಚಳ ತೆಗೆಸಿ, ಎಂಜಿನ್ ಕೂತಿರುವ ಉದ್ದ ತೊಲೆಗಳ ಮೇಲೆ ಟಾರ್ಚ್ ಬಿಡಿ. ಟಾರ್ಚನ್ನು ನೇರ ಹಿಡಿಯಬೇಡಿ, ಮರಕ್ಕೆ ತಾಗಿದ ಹಾಗೆ ಅಡ್ಡಡ್ಡ ಹಿಡಿಯಿರಿ. ಉಕ್ಕಿನ ಅಚ್ಚಿನಿಂದ ಹೊಡೆದ ಅಂಕಿಗಳ ಮೇಲೆ ದಶಕಗಳ ಬಣ್ಣ, ಎಣ್ಣೆ ಕೂತಿರುತ್ತದೆ. ಅಡ್ಡ ಬೆಳಕಿಗೆ ಅಂಕಿಯ ಗುಳಿಯಲ್ಲಿ ನೆರಳು ಬಿದ್ದು ಓದಲು ಬರುತ್ತದೆ. ಒರೆಸೋಕೆ ಹಳೇ ಬಟ್ಟೆ, ಸ್ವಲ್ಪ ಸೀಮೆಎಣ್ಣೆ ಸಾಕು. ದಯವಿಟ್ಟು ಉಜ್ಜುಕಾಗದ ಹಾಕಬೇಡಿ. ಅಂಕಿಯೇ ಸವೆದು ಹೋದರೆ ಅದರ ಜೊತೆ ಬೆಲೆಯೂ ಹೋಗುತ್ತದೆ. ಆಮೇಲೆ ನೆಲದ ಹಲಗೆ, ಸೀಟಿನ ಚೌಕಟ್ಟು, ಮುಚ್ಚಳ ಎಲ್ಲ ಮಗುಚಿ ನೋಡಿ. ಕಾರ್ಖಾನೆಯವರು ಬಿಡಿ ಭಾಗಗಳು ಕಲಸುಮೇಲೋಗರ ಆಗದಿರಲಿ ಅಂತ ಹಿಂಬದಿಯಲ್ಲಿ ನಂಬರ್ ಬರೆದಿರುತ್ತಿದ್ದರು. ತೊಲೆಯ ನಂಬರ್, ಸೀಟಿನ ಹಿಂದಿನ ನಂಬರ್ ಒಂದೇ ಆಗಿದ್ದರೆ ಒಳ್ಳೆ ಲಕ್ಷಣ.

ಯುದ್ಧಕ್ಕೆ ಮೊದಲಿನ ಬೋಟುಗಳಲ್ಲಿ ಸಾಮಾನ್ಯವಾಗಿ ಬರೀ ಅಂಕಿಗಳಿರುತ್ತವೆ. ನಂತರದವಲ್ಲಿ ಮಾದರಿಯ ಅಕ್ಷರ, ಉದ್ದ, ಕ್ರಮಸಂಖ್ಯೆ. ಆರ್-19 ಅಂತ ಶುರುವಾದರೆ ರೇಸಿಂಗ್ ರನ್‌ಅಬೌಟ್, ಯು-22 ಅಂದರೆ 22 ಅಡಿಯ ಸ್ಪೋರ್ಟ್ಸ್‌ಮನ್. ಈಗ ಟೇಪ್ ಹಿಡಿದು ಅಳೆಯಿರಿ. ಮೂತಿಯಿಂದ ಹಿಂಬದಿ ಹಲಗೆವರೆಗೆ, ನಡುಗೆರೆಯಲ್ಲಿ. ಹಿಂದೆ ಜೋಡಿಸಿದ ಈಜುವ ಮೆಟ್ಟಿಲು ಸೇರಿಸಿ ಅಳೆದು ಒಂದೂವರೆ ಅಡಿ ಜಾಸ್ತಿ ಹೇಳುವವರೂ ಇದ್ದಾರೆ.

ನಂಬರ್ ಸಿಕ್ಕಿತು ಅಂದರೆ ಅರ್ಧ ಕೆಲಸ ಮುಗಿಯಿತು. ವರ್ಜೀನಿಯಾದ ನ್ಯೂಪೋರ್ಟ್ ನ್ಯೂಸ್‌ನಲ್ಲಿರುವ ಮರಿನರ್ಸ್ ಮ್ಯೂಸಿಯಂ ಹತ್ತಿರ ಕ್ರಿಸ್-ಕ್ರಾಫ್ಟ್ ಕಂಪನಿಯ ಹಳೇ ದಾಖಲೆಗಳಿವೆ. ದುಡ್ಡು ಕಟ್ಟಿದರೆ ಹಲ್ ಕಾರ್ಡಿನ ಪ್ರತಿ ಕೊಡುತ್ತಾರೆ. ಬೋಟಿನ ಜಾತಕ ಅಂದುಕೊಳ್ಳಿ. ಯಾವತ್ತು ಕಾರ್ಖಾನೆ ಬಿಟ್ಟಿತು, ಯಾವ ಡೀಲರಿಗೆ ಹೋಯಿತು, ಎಂಜಿನ್ ನಂಬರ್ ಏನು ಅಂತ ಅದರಲ್ಲಿರುತ್ತದೆ. ಕಾರ್ಡ್ ಬರುವವರೆಗೆ ಮುಂಗಡ ಕೊಡಬೇಡಿ. 'ಇನ್ನೊಬ್ಬರು ನಾಳೆ ಬರ್ತಾ ಇದ್ದಾರೆ' ಅಂದರೆ 'ಬರಲಿ ಬಿಡಿ' ಅನ್ನಿ. ಎಂಜಿನ್ ನಂಬರ್ ಕಾರ್ಡಿಗೆ ಹೊಂದದಿದ್ದರೆ ಗಾಬರಿ ಬೇಡ, ಇಷ್ಟು ವರ್ಷದಲ್ಲಿ ಎಂಜಿನ್ ಬದಲಾಗಿರುವುದು ಮಾಮೂಲು, ಬೆಲೆ ಇಳಿಸಲು ಒಂದು ನೆಪ ಸಿಕ್ಕಿತು ಅಷ್ಟೆ. ಹಲ್ ನಂಬರೇ ಹೊಂದದಿದ್ದರೆ ಮಾತ್ರ ಸುಮ್ನೆ ಮನೆಗೆ ಬನ್ನಿ.

ನಂಬರ್ ಎಲ್ಲೂ ಇಲ್ಲವಾ? ಮೂತಿಯ ಎರಡೂ ಪಕ್ಕ ನೋಡಿ. ಬಣ್ಣದ ಕೆಳಗೆ ಹಳೇ ನೋಂದಣಿ ನಂಬರಿನ ಮಸುಕು ಗುರುತು ಕಾಣಬಹುದು. ರಾಜ್ಯಗಳು ಬೋಟಿಗೆ ನಂಬರ್ ಕೊಡಲು ಶುರುಮಾಡಿದ್ದು 1958ರ ಕಾನೂನಿನ ನಂತರ. ಮೊದಲೆರಡು ಅಕ್ಷರ ರಾಜ್ಯದ್ದು. ಇಲ್ಲಿ ಒಂದು ಗುಂಡಿ ಇದೆ: ಎಂಐ ಅಂದರೆ ಮಿಷಿಗನ್ ಅಲ್ಲ, ಮಿಸಿಸಿಪ್ಪಿ. ಮಿಷಿಗನ್‌ದು ಎಂಸಿ. ಎಂಎಸ್ ಅಂದರೆ ಮ್ಯಾಸಚೂಸೆಟ್ಸ್, ಸಿಎಫ್ ಕ್ಯಾಲಿಫೋರ್ನಿಯಾ. ಅಂಕಿಯಿಂದ ಶುರುವಾಗುವ ನಂಬರ್ ಕಂಡರೆ ಅದು ಆ ಕಾನೂನಿಗೂ ಮುಂಚಿನದು. 'ಹುಟ್ಟಿದಾಗಿನಿಂದ ಇದೇ ಕೆರೆ ಬಿಟ್ಟು ಹೋಗಿಲ್ಲ' ಅಂತ ಹೇಳಿದ ಬೋಟಿನ ಮೇಲೆ ಫ್ಲಾರಿಡಾದ ಎಫ್‌ಎಲ್ ಕಂಡರೆ ಉಳಿದ ಕಥೆಯನ್ನೂ ಅದೇ ತೂಕದಲ್ಲಿ ತೂಗಿ.

4. ಫೈಬರ್‌ಗ್ಲಾಸ್ ಆದರೆ

ಇಲ್ಲಿ ಕೆಲಸ ಸುಲಭ. 1972ರ ನವೆಂಬರ್ 1ರಿಂದ ಅಮೆರಿಕದಲ್ಲಿ ತಯಾರಾದ ಬೋಟಿಗೆ 12 ಅಕ್ಷರ-ಅಂಕಿಗಳ ಹಲ್ ಗುರುತಿನ ನಂಬರ್, ಅಂದರೆ ಎಚ್‌ಐಎನ್ ಕಡ್ಡಾಯ, ಹಿಂಬದಿಯ ಬಲ ಮೇಲ್ಮೂಲೆಯಲ್ಲಿರುತ್ತದೆ. ಮೊದಲ ಮೂರು ಕಂಪನಿಯ ಗುರುತು, ಬೋಸ್ಟನ್ ವೇಲರ್ ಆದರೆ ಬಿಡಬ್ಲ್ಯೂಸಿ. ಕೊನೆಯ ನಾಲ್ಕರಲ್ಲಿ ತಯಾರಾದ ಕಾಲ. ಮೂರನೇ ಅಕ್ಷರ ಝಡ್ ಆಗಿದ್ದರೆ ನಿಲ್ಲಿ. ಅದು ರಾಜ್ಯ ಸರ್ಕಾರ ಕೊಟ್ಟ ನಂಬರ್. ಮನೆಯಲ್ಲಿ ಕಟ್ಟಿದ ಬೋಟಿಗೂ, ನಂಬರೇ ಇಲ್ಲದ ಬೋಟಿಗೂ ಹಾಗೆ ಕೊಡುತ್ತಾರೆ. ಯಾವುದು ಅಂತ ಕೇಳಿ ತಿಳಿಯಿರಿ.

ಹಳೇ ವೇಲರ್ ಎರಡು ಪದರಗಳ ನಡುವೆ ಫೋಮ್ ತುಂಬಿದ ಬೋಟು, ಗರಗಸದಿಂದ ಎರಡು ತುಂಡು ಮಾಡಿದರೂ ತೇಲುತ್ತದೆ ಅಂತ 1961ರಲ್ಲಿ ಫೋಟೊ ಸಮೇತ ತೋರಿಸಿದ್ದರು. ಆದರೆ ಆ ಫೋಮ್ ನೀರು ಕುಡಿದಿದ್ದರೆ ಹೊರಗಿನಿಂದ ಗೊತ್ತಾಗುವುದಿಲ್ಲ. ಲಾರಿ ತೂಕದ ಸೇತುವೆಯ ಮೇಲೆ ಟ್ರೇಲರ್ ಸಮೇತ ತೂಗಿಸಿ, ಖಾಲಿ ಟ್ರೇಲರಿನ ತೂಕ ಕಳೆಯಿರಿ, ಕಂಪನಿ ಹೇಳಿದ ತೂಕದ ಜೊತೆ ಹೋಲಿಸಿ.

ಹಿಂದೆ ತಗುಲಿಸಿದ ಮೋಟಾರಿನ ವರ್ಷ ನೋಡಿ ಬೋಟಿನ ವರ್ಷ ಹೇಳಬೇಡಿ, ಎರಡೂ ಬೇರೆ ಬೇರೆ ಕೊಂಡಿರುತ್ತಾರೆ. 1980ರ ನಂತರದ ಜಾನ್ಸನ್, ಎವಿನ್‌ರೂಡ್ ಮೋಟಾರುಗಳ ಮಾದರಿ ಸಂಖ್ಯೆಯಲ್ಲಿ ಎರಡು ಅಕ್ಷರಗಳು ವರ್ಷ ಹೇಳುತ್ತವೆ. ಐ, ಎನ್, ಟಿ, ಆರ್, ಓ, ಡಿ, ಯು, ಸಿ, ಇ, ಎಸ್ ಅಂದರೆ ಕ್ರಮವಾಗಿ 1ರಿಂದ 9, ಕೊನೆಗೆ ಸೊನ್ನೆ. ಸಿ-ಡಿ ಇದ್ದರೆ 1986.

5. ಚಾಕು ಹಾಕಿ

ಮರದ ಬೋಟಿನ ತಳಕ್ಕೆ, ಮೂತಿಯ ಕೆಳಭಾಗಕ್ಕೆ, ಹಿಂಬದಿ ಹಲಗೆಯ ಮೂಲೆಗಳಿಗೆ ಪೆನ್ ಚಾಕುವಿನ ತುದಿ ಒತ್ತಿ ನೋಡಿ. ಒಪ್ಪಿಗೆ ಕೇಳಿಯೇ ಒತ್ತಿ. ಗಟ್ಟಿಯಾಗಿ ತಡೆದರೆ ಸರಿ, ಬೆಣ್ಣೆಗೆ ಇಳಿದ ಹಾಗೆ ಇಳಿದರೆ ಆ ತಳ ಪೂರ್ತಿ ಹೊಸದಾಗಬೇಕು. ಸೋರುತ್ತದೆ ಅಂತ ಮರದ ತಳಕ್ಕೆ ಫೈಬರ್‌ಗ್ಲಾಸ್ ಬಳಿದಿರುವ ಬೋಟನ್ನು ನಾನಂತೂ ಮುಟ್ಟುವುದಿಲ್ಲ. ಒಳಗೆ ನೀರು ಸಿಕ್ಕಿಹಾಕಿಕೊಂಡು ಮರ ಕೊಳೆಯುತ್ತದೆ. ಕೊಳೆತ ಮರಕ್ಕೆ ಸುರಿದರೆ ಕಲ್ಲಾಗುತ್ತದೆ ಅಂತ ಮಾರುವ ತೆಳು ಎಪಾಕ್ಸಿ ಬಾಟಲಿಗಳೂ ಅಷ್ಟೆ. ಮೇಲಿನ ಚಿಕ್ಕ ಅಲಂಕಾರದ ಪಟ್ಟಿಗೆ ಸರಿ, ಭಾರ ಹೊರುವ ತೊಲೆಗೆ ಹಾಕಿ ಮೇಲೆ ಬಣ್ಣ ಬಳಿದಿದ್ದರೆ ಅದು ಮೋಸ.

6. ಕಾಗದ ಪತ್ರ, ಸಾಗಣೆ

ಬೋಟಿನದ್ದು, ಟ್ರೇಲರಿನದ್ದು ಬೇರೆ ಬೇರೆ ಕಾಗದ, ಎರಡೂ ತಗೊಳ್ಳಿ. ಟ್ರೇಲರ್ ಟೈರ್ ಹಳೇದಾಗಿದ್ದರೆ ಬದಲಾಯಿಸಿಯೇ ಹೆದ್ದಾರಿಗೆ ಇಳಿಯಿರಿ.

ವರ್ಷಗಟ್ಟಲೆ ಒಣಗಿ ನಿಂತ ಮರದ ಬೋಟನ್ನು ನೀರಿಗೆ ಇಳಿಸಿದ ದಿನ ಅದು ಸೋರಿಯೇ ಸೋರುತ್ತದೆ, ಹಲಗೆಗಳು ನೀರು ಕುಡಿದು ಉಬ್ಬಿ ಸಂದು ಮುಚ್ಚಲು ಸಮಯ ಬೇಕು. ಅಲ್ಲಿಯವರೆಗೆ ಟ್ರೇಲರಿನ ಪಟ್ಟಿ ಬಿಚ್ಚಬೇಡಿ, ಎರಡು ಪಂಪ್ ಹಾಕಿ, ಎರಡಕ್ಕೂ ಬೇರೆ ಬೇರೆ ಬ್ಯಾಟರಿ ಕೊಡಿ.