ಹಳೆಯ ಪಿಕಪ್ ಟ್ರಕ್ಕಿನ ಹೀಟರ್ ಫ್ಯಾನ್: ವಿದ್ಯುತ್ ದೋಷ ಹುಡುಕುವ ಕ್ರಮ

ಹೀಟರ್ ಫ್ಯಾನ್ ನಿಂತುಹೋದರೆ ಮೊದಲು ಮೋಟಾರನ್ನೇ ಅನುಮಾನಿಸುವುದು ರೂಢಿ. ಆದರೆ 1973ರಿಂದ 1987ರವರೆಗಿನ ಷೆವ್ರೊಲೆ ಪಿಕಪ್‌ನಂಥ ಗಾಡಿಗಳಲ್ಲಿ ಮೋಟಾರ್ ಚೆನ್ನಾಗಿದ್ದು, ಅದಕ್ಕೆ ಕರೆಂಟ್ ತರುವ ತಂತಿ, ಕನೆಕ್ಟರ್ ಅಥವಾ ಅರ್ಥ್ (ಕರೆಂಟ್ ಬ್ಯಾಟರಿಯ ನೆಗೆಟಿವ್‌ಗೆ ಮರಳುವ ದಾರಿ) ಕೆಟ್ಟಿರುವುದು ಎಷ್ಟೋ ಸಲ ಉಂಟು. ಆದ್ದರಿಂದ ಹಣ ಖರ್ಚು ಮಾಡುವ ಮುನ್ನ ವೋಲ್ಟ್, ಓಮ್ ಅಳೆಯುವ ಮಲ್ಟಿಮೀಟರ್ ಹಿಡಿಯುವುದು ಲೇಸು.

ಮೊದಲು ಇಗ್ನಿಷನ್ ಆನ್ ಮಾಡಿ ಸ್ವಿಚ್ಚನ್ನು ಒಂದೊಂದೇ ವೇಗಕ್ಕೆ ತಿರುಗಿಸಿ ನೋಡಬೇಕು. ಅತಿ ಹೆಚ್ಚಿನ ವೇಗದಲ್ಲಿ ಮಾತ್ರ ಫ್ಯಾನ್ ತಿರುಗಿದರೆ ರೆಸಿಸ್ಟರ್ (ಕರೆಂಟಿಗೆ ತಡೆಯೊಡ್ಡಿ ಫ್ಯಾನಿನ ವೇಗ ತಗ್ಗಿಸುವ ಸುರುಳಿಗಳು) ಸುಟ್ಟಿರುವ ಸಾಧ್ಯತೆ ಹೆಚ್ಚು, ಏಕೆಂದರೆ ಆ ವೇಗಕ್ಕೆ ಹೋಗುವ ಕರೆಂಟ್ ರೆಸಿಸ್ಟರನ್ನು ಹಾಯುವುದಿಲ್ಲ. ಇದಕ್ಕೆ ತದ್ವಿರುದ್ಧವಾಗಿ ಆ ಒಂದು ವೇಗವೇ ಇಲ್ಲವಾಗಿದ್ದರೆ, ಎ.ಸಿ. ಇರುವ ಗಾಡಿಯಲ್ಲಿ ರಿಲೇಯನ್ನೂ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಾಯಿಸುವ ಸ್ವಿಚ್) ಅದರ ಫ್ಯೂಸನ್ನೂ ಪರೀಕ್ಷಿಸಬೇಕು. ಯಾವ ವೇಗದಲ್ಲೂ ತಿರುಗದಿದ್ದರೆ ಫ್ಯೂಸ್ ನೋಡಿ, ಬಳಿಕ ಎಂಜಿನ್ ಕಡೆಯಿಂದ ಮೋಟಾರಿನ ತಂತಿ ಕಳಚಿ, 30 ಆಂಪಿಯರ್ ಫ್ಯೂಸ್ ಸೇರಿಸಿದ ಬೇರೊಂದು ತಂತಿಯಿಂದ ಬ್ಯಾಟರಿಯ ಪಾಸಿಟಿವ್ ಕರೆಂಟನ್ನು ಮೋಟಾರಿನ ಟರ್ಮಿನಲ್‌ಗೆ ನೇರವಾಗಿ ಕೊಡಬೇಕು. ಮೋಟಾರ್ ತಿರುಗಿದರೆ ದೋಷ ಅದಕ್ಕೆ ಕರೆಂಟ್ ತರುವ ದಾರಿಯಲ್ಲಿದೆ. ತಿರುಗದಿದ್ದರೂ ಮೋಟಾರನ್ನು ದೂರುವ ಮೊದಲು ಅದರ ಅರ್ಥ್ ತಂತಿಯನ್ನು ನೋಡಬೇಕು.

ಇಲ್ಲಿ ಹಲವರು ಎಡವುವುದು ಓಮ್ ಅಳತೆಯನ್ನು, ಅಂದರೆ ಪ್ರತಿರೋಧದ ಅಳತೆಯನ್ನು, ನಂಬಿ. ತುಕ್ಕು ಹಿಡಿದ ಟರ್ಮಿನಲ್ 0.1 ಓಮ್ ಮಾತ್ರ ತೋರಿಸಬಹುದು, ಅದು ಮೀಟರಿನ ತಂತಿಗಳದೇ ಪ್ರತಿರೋಧದಷ್ಟಾದ್ದರಿಂದ ಯಾರ ಗಮನಕ್ಕೂ ಬಾರದು. ಆದರೆ ಅದರ ಮೂಲಕ 20 ಆಂಪಿಯರ್ ಹರಿದಾಗ 2 ವೋಲ್ಟ್ ಅಲ್ಲೇ ಕಳೆದುಹೋಗಿ, 40 ವ್ಯಾಟ್ ಶಾಖ ಹುಟ್ಟಿ, ಕನೆಕ್ಟರಿನ ಪ್ಲಾಸ್ಟಿಕ್ ಕಂದುಬಣ್ಣಕ್ಕೆ ತಿರುಗಿ ಕರಗತೊಡಗುತ್ತದೆ. ಆದ್ದರಿಂದ ಕನೆಕ್ಟರ್ ಕಳಚದೆ, ಫ್ಯಾನನ್ನು ಪೂರ್ಣ ವೇಗದಲ್ಲಿ ಓಡಿಸುತ್ತಲೇ ವೋಲ್ಟೇಜ್ ಅಳೆಯಬೇಕು: ಮೀಟರಿನ ಒಂದು ಮೊನೆ ಮೋಟಾರಿನ ಲೋಹದ ಮೈಗೆ, ಇನ್ನೊಂದು ಬ್ಯಾಟರಿಯ ನೆಗೆಟಿವ್‌ಗೆ. ಸುಮಾರು 0.2 ವೋಲ್ಟ್‌ಗಿಂತ ಹೆಚ್ಚು ಬಂದರೆ ಅರ್ಥ್ ಜೋಡಣೆಯನ್ನು ಬಿಚ್ಚಿ, ಲೋಹ ಹೊಳೆಯುವವರೆಗೆ ಉಜ್ಜಿ ಬಿಗಿಯಬೇಕು. ಬ್ಯಾಟರಿಯ ಪಾಸಿಟಿವ್‌ನಿಂದ ಮೋಟಾರಿನ ಟರ್ಮಿನಲ್‌ವರೆಗೂ ಹೀಗೆಯೇ ಒಂದೊಂದು ಜೋಡಣೆಯ ಎರಡೂ ಬದಿ ಮೀಟರ್ ಇಟ್ಟು ಬಂದರೆ, ವೋಲ್ಟ್ ನುಂಗುವ ಜಾಗ ತಾನಾಗಿ ಸಿಕ್ಕಿಬೀಳುತ್ತದೆ.

ಹೊಸ ರೆಸಿಸ್ಟರ್ ಮತ್ತೆ ಮತ್ತೆ ಸುಟ್ಟರೆ ರೆಸಿಸ್ಟರನ್ನು ಬೈಯುವುದು ವ್ಯರ್ಥ. ಅದರ ಸುರುಳಿಗಳನ್ನು ತಣಿಸುವುದು ಫ್ಯಾನಿನ ಗಾಳಿಯೇ ಆದ್ದರಿಂದ, ಒಣಎಲೆಯೋ ಇಲಿಗೂಡೋ ದಾರಿ ಕಟ್ಟಿದೆಯೇ ಎಂದು ನೋಡಬೇಕು. ಬಳಿಕ ಕರೆಂಟ್ ತಪ್ಪಿಸಿ ಫ್ಯಾನನ್ನು ಕೈಯಿಂದ ತಿರುಗಿಸಿದಾಗ ಬಿಗಿಯಾಗಿ ಉಜ್ಜುತ್ತಿದ್ದರೆ ಮೋಟಾರ್ ಮಿತಿಮೀರಿ ಕರೆಂಟ್ ಎಳೆಯುತ್ತಿದೆಯೆಂದು ತಿಳಿದು, ಆಗ ಮಾತ್ರ ಅದನ್ನು ಬದಲಿಸಬೇಕು.