ವಿಟಮಿನ್ ಗುಳಿಗೆ ಮೈಗೆ ಹತ್ತಬೇಕಾದರೆ

ಬೆಳಗಿನ ನಾಷ್ಟಾ ಮುಗಿಯುತ್ತಿದ್ದಂತೆ ಕಬ್ಬಿಣ, ಕ್ಯಾಲ್ಸಿಯಂ, ಮಲ್ಟಿವಿಟಮಿನ್ ಮೂರನ್ನೂ ಅಂಗೈಗೆ ಸುರುವಿಕೊಂಡು ಒಂದೇ ಗುಟುಕಿಗೆ ನುಂಗಿ, ಮೇಲೊಂದು ಕಪ್ ಚಹಾ ಕುಡಿಯುವ ರೂಢಿ ಹುಬ್ಬಳ್ಳಿ-ಧಾರವಾಡದ ಎಷ್ಟೋ ಮನೆಗಳಲ್ಲಿದೆ. ಹೀಗೆ ನುಂಗಿದರೆ ಗುಳಿಗೆ ಹೊಟ್ಟೆಗೇನೋ ಇಳಿಯುತ್ತದೆ, ಮೈಗೆ ಹತ್ತುವುದು ಮಾತ್ರ ಕಡಿಮೆ. ಚಹಾದ ಟ್ಯಾನಿನ್ ಕಬ್ಬಿಣವನ್ನು ಹಿಡಿದಿಟ್ಟುಕೊಳ್ಳುತ್ತದೆ, ಕ್ಯಾಲ್ಸಿಯಂ ಅದರ ದಾರಿಗೆ ಅಡ್ಡ ಬರುತ್ತದೆ. ಯಾವ ಕಂಪನಿಯ ಗುಳಿಗೆ ಎಂದು ತಲೆ ಕೆಡಿಸಿಕೊಳ್ಳುವುದಕ್ಕಿಂತ ಯಾವಾಗ, ಯಾವುದರ ಜೊತೆ ನುಂಗುತ್ತೇವೆ ಎಂದು ನೋಡುವುದರಲ್ಲೇ ಹೆಚ್ಚಿನ ಲಾಭವಿದೆ.

ಮೊದಲು ರಕ್ತ ಪರೀಕ್ಷೆ, ಆಮೇಲೆ ಗುಳಿಗೆ

ಜೋಳದ ರೊಟ್ಟಿ, ಕಾಳು ಪಲ್ಯ, ಹಸಿ ಸೊಪ್ಪು, ಶೇಂಗಾ ಹಿಂಡಿ ಇರುವ ನಮ್ಮ ಊಟದಲ್ಲಿ ನಾರು, ಫೋಲೇಟ್, ಹಲವು ಬಿ ವಿಟಮಿನ್‌ಗಳು ಚೆನ್ನಾಗಿಯೇ ಸಿಗುತ್ತವೆ. ಸಸ್ಯಾಹಾರಿ ಮನೆಗಳಲ್ಲಿ ಕೊರತೆ ಬೀಳುವುದು ಮುಖ್ಯವಾಗಿ ಬಿ12, ವಿಟಮಿನ್ ಡಿ ಮತ್ತು ಹೆಣ್ಣುಮಕ್ಕಳಲ್ಲಿ ಕಬ್ಬಿಣ. ಆದ್ದರಿಂದ ಸುಸ್ತು, ಅಂಗಾಲು ಜುಮುಗುಡುವುದು, ನಾಲಿಗೆ ಉರಿ ಇದ್ದರೆ ಬಿ12, 25-ಹೈಡ್ರಾಕ್ಸಿ ವಿಟಮಿನ್ ಡಿ, ಹಿಮೋಗ್ಲೋಬಿನ್, ಫೆರಿಟಿನ್ (ಮೈಯಲ್ಲಿರುವ ಕಬ್ಬಿಣದ ಸಂಗ್ರಹ ತೋರಿಸುವ ಪರೀಕ್ಷೆ) ಈ ನಾಲ್ಕರ ಬಗ್ಗೆ ವೈದ್ಯರನ್ನು ಕೇಳಿ. ಗುಳಿಗೆ ಶುರು ಮಾಡುವ ಮೊದಲೇ ರಕ್ತ ಕೊಡಬೇಕು. ನಾಲ್ಕು ದಿನ ಬಿ12 ನುಂಗಿ ಆಮೇಲೆ ಪರೀಕ್ಷೆಗೆ ಹೋದರೆ ರಕ್ತದ ಅಂಕಿ ಏರಿರುತ್ತದೆ, ನಿಜವಾದ ಕೊರತೆ ಅದರ ಹಿಂದೆ ಅಡಗಿಬಿಡುತ್ತದೆ.

ಪಟ್ಟಿಯ ಹಿಂಬದಿ ಓದುವುದು

ಕ್ಯಾಲ್ಸಿಯಂ ಪಟ್ಟಿಯೊಂದನ್ನು ತಿರುಗಿಸಿ ನೋಡಿ. ‘ಕ್ಯಾಲ್ಸಿಯಂ ಕಾರ್ಬೊನೇಟ್ 1250 ಮಿ.ಗ್ರಾಂ’ ಎಂದಿರುತ್ತದೆ, ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ‘ಎಲಿಮೆಂಟಲ್ ಕ್ಯಾಲ್ಸಿಯಂ 500 ಮಿ.ಗ್ರಾಂ’. ಲೆಕ್ಕಕ್ಕೆ ಬರುವುದು ಈ ಎರಡನೆಯ ಸಂಖ್ಯೆ. ಕಾರ್ಬೊನೇಟ್‌ನಲ್ಲಿ ಕ್ಯಾಲ್ಸಿಯಂ ಪಾಲು ಶೇ 40, ಸಿಟ್ರೇಟ್‌ನಲ್ಲಿ ಶೇ 21. ಕಬ್ಬಿಣದ ಗುಳಿಗೆಗೂ ಇದೇ ನಿಯಮ: ಎಲಿಮೆಂಟಲ್ ಐರನ್ ಎಷ್ಟು ಎಂಬುದನ್ನೇ ನೋಡಬೇಕು. ವಿಟಮಿನ್ ಡಿ ಕೆಲವು ಕಡೆ ಮೈಕ್ರೋಗ್ರಾಂನಲ್ಲಿ, ಕೆಲವು ಕಡೆ ಐಯು (ಇಂಟರ್‌ನ್ಯಾಷನಲ್ ಯೂನಿಟ್) ಲೆಕ್ಕದಲ್ಲಿರುತ್ತದೆ. 1 ಮೈಕ್ರೋಗ್ರಾಂ ಎಂದರೆ 40 ಐಯು.

ಇಪ್ಪತ್ತು ಮೂವತ್ತು ಹೆಸರುಗಳ ಉದ್ದ ಪಟ್ಟಿ ಇರುವ ದುಬಾರಿ ಡಬ್ಬಿಗಿಂತ, ಕೊರತೆ ಇರುವ ಒಂದೆರಡೇ ವಸ್ತುಗಳು ಸರಿಯಾದ ಪ್ರಮಾಣದಲ್ಲಿರುವ ಗುಳಿಗೆ ಮೇಲು. ಅದೇ ಔಷಧಾಂಶದ ಗುಳಿಗೆ ಜನೌಷಧಿ ಕೇಂದ್ರಗಳಲ್ಲಿ ಕಡಿಮೆ ಬೆಲೆಗೆ ಸಿಗುತ್ತದೆ, ಚೀಟಿ ಹಿಡಿದುಕೊಂಡು ಹೋಗಿ ಕೇಳಿ.

ಬಿ12: ಹೆಚ್ಚು ಗಮನ ಬೇಕಾದದ್ದು

ಬಿ12 ಸಹಜವಾಗಿ ಸಿಗುವುದು ಪ್ರಾಣಿಮೂಲದ ಆಹಾರದಲ್ಲಿ ಮಾತ್ರ. ಸಸ್ಯಾಹಾರಿಗಳಿಗೆ ಹಾಲು-ಮೊಸರೇ ಆಧಾರ. ದಿನಕ್ಕೆ ಎರಡು ಲೋಟ ಗಟ್ಟಿ ಹಾಲು ಅಥವಾ ಮೊಸರು ಖಾತ್ರಿ ಇದ್ದರೆ, ಹೊಟ್ಟೆ ಸರಿಯಿರುವವರಿಗೆ ಅಗತ್ಯದ ಬಹುಪಾಲು ತುಂಬುತ್ತದೆ. ಚಹಾಕ್ಕೆ ಹಾಕಿದ ಎರಡು ಚಮಚ ಹಾಲು, ನೀರು ಬೆರೆಸಿದ ಮಜ್ಜಿಗೆ ಈ ಲೆಕ್ಕಕ್ಕೆ ಬರುವುದಿಲ್ಲ. ಇಡ್ಲಿ-ದೋಸೆ ಹಿಟ್ಟು ಹುದುಗಿದರೆ ಬಿ12 ಬರುತ್ತದೆ ಎಂದು ನಂಬಿ ಕೂರಬೇಡಿ. ಸ್ಪಿರುಲಿನಾ ಎಂಬ ಪಾಚಿಯ ಪುಡಿಯಲ್ಲಿರುವುದು ಹೆಚ್ಚಾಗಿ ನಮ್ಮ ದೇಹ ಬಳಸಲಾಗದ ರೂಪ.

ದಿನದ ಅಗತ್ಯ ಸುಮಾರು 2 ಮೈಕ್ರೋಗ್ರಾಂ. ಹಾಗಿರುವಾಗ ಗುಳಿಗೆಯಲ್ಲಿ 1000 ಅಥವಾ 1500 ಮೈಕ್ರೋಗ್ರಾಂ ಏಕೆ? ಜಠರ ಸ್ರವಿಸುವ ಇಂಟ್ರಿನ್ಸಿಕ್ ಫ್ಯಾಕ್ಟರ್ ಎಂಬ ಪ್ರೋಟೀನ್ ಒಂದು ಬಾರಿಗೆ ಒಂದೂವರೆ-ಎರಡು ಮೈಕ್ರೋಗ್ರಾಂ ಮಾತ್ರ ಸಾಗಿಸಬಲ್ಲದು. ಅದರಾಚೆ ಕರುಳಿನ ಗೋಡೆಯಿಂದ ತಾನಾಗಿಯೇ ಒಳಗಿಳಿಯುವುದು ಸುಮಾರು ಶೇ 1. 1000ಕ್ಕೆ ಹತ್ತು ಸಿಕ್ಕಿತು ಎಂದಾಯಿತು, ಅಷ್ಟು ಸಾಕು. ನಾಲಿಗೆ ಕೆಳಗೆ ಇಟ್ಟುಕೊಂಡರೂ ನುಂಗಿದರೂ ಫಲದಲ್ಲಿ ಹೆಚ್ಚಿನ ವ್ಯತ್ಯಾಸವಿಲ್ಲ.

ಸಕ್ಕರೆ ಕಾಯಿಲೆಗೆ ವರ್ಷಗಟ್ಟಲೆ ಮೆಟ್‌ಫಾರ್ಮಿನ್, ಗ್ಯಾಸ್‌ಗೆಂದು ದಿನಾ ಪ್ಯಾಂಟೊಪ್ರಜೋಲ್ ನುಂಗುವವರಲ್ಲಿ ಬಿ12 ಹೀರಿಕೆ ಕುಗ್ಗುತ್ತದೆ. ಮಿರ್ಚಿ-ಭಜಿ ತಿಂದಾಗಲೆಲ್ಲ ಗ್ಯಾಸಿನ ಗುಳಿಗೆ ಕೇಳಿ ಪಡೆಯುವವರು ಇದನ್ನು ನೆನಪಿಡಬೇಕು. ಇನ್ನೊಂದು ಅಪಾಯ ಫೋಲಿಕ್ ಆಸಿಡ್‌ನದು: ಬಿ12 ಕೊರತೆ ಇರುವವರು ಬರೀ ಫೋಲಿಕ್ ಆಸಿಡ್ ತೆಗೆದುಕೊಂಡರೆ ರಕ್ತಹೀನತೆ ಸುಧಾರಿಸಿದಂತೆ ಕಾಣುತ್ತದೆ, ಒಳಗೆ ನರಗಳಿಗೆ ಆಗುವ ಹಾನಿ ಮುಂದುವರಿಯುತ್ತದೆ. ನಡಿಗೆ ತೂರಾಡುವುದು, ಮರೆವು ಕಂಡರೆ ಗುಳಿಗೆಯಲ್ಲೇ ಕಾಲ ಕಳೆಯದೆ ವೈದ್ಯರ ಬಳಿ ಹೋಗಿ; ಅಂಥವರಿಗೆ ಇಂಜೆಕ್ಷನ್ ಬೇಕಾಗಬಹುದು.

ಕಬ್ಬಿಣ: ಚಹಾ ದೂರ, ಲಿಂಬೆ ಹತ್ತಿರ

ಜೋಳ ಮತ್ತು ಕಾಳುಗಳಲ್ಲಿರುವ ಫೈಟೇಟ್, ಹಾಲು-ಮೊಸರಿನ ಕ್ಯಾಲ್ಸಿಯಂ, ಚಹಾ-ಕಾಫಿ, ಆಂಟಾಸಿಡ್ ಇಷ್ಟೂ ಕಬ್ಬಿಣದ ಹೀರಿಕೆಯನ್ನು ತಡೆಯುತ್ತವೆ. ಹಾಗಾಗಿ ಊಟವಾಗಿ ಎರಡು ತಾಸಿನ ಮೇಲೆ, ಅರ್ಧ ಲಿಂಬೆ ಹಿಂಡಿದ ನೀರಿನ ಜೊತೆ ನುಂಗಿ. ಚಹಾ ಕುಡಿಯುವುದಿದ್ದರೆ ಗುಳಿಗೆಗೆ ಒಂದು ತಾಸು ಮೊದಲು ಅಥವಾ ಎರಡು ತಾಸು ಆಮೇಲೆ. ವಾಕರಿಕೆ ತಡೆಯಲಾಗದಿದ್ದರೆ ಬಿಟ್ಟೇಬಿಡುವ ಬದಲು ಸ್ವಲ್ಪ ತಿಂದು ನುಂಗಿ. ದಿನ ಬಿಟ್ಟು ದಿನ ತೆಗೆದುಕೊಳ್ಳಬಹುದೇ ಎಂದೂ ವೈದ್ಯರನ್ನು ಕೇಳಿ: ಒಂದು ಗುಳಿಗೆ ನುಂಗಿದ ಮೇಲೆ ಹೆಪ್ಸಿಡಿನ್ ಎಂಬ ಹಾರ್ಮೋನು ಏರಿ ಮರುದಿನದ ಹೀರಿಕೆಯನ್ನು ತಗ್ಗಿಸುವುದರಿಂದ, ನಡುವೆ ಒಂದು ದಿನ ಬಿಟ್ಟಾಗ ಪ್ರತಿ ಗುಳಿಗೆಯಿಂದಲೂ ಹೆಚ್ಚಿನ ಪಾಲು ಸಿಗುತ್ತದೆ. ಮಲ ಕಪ್ಪಾದರೆ ಗಾಬರಿ ಬೇಡ. ಹಿಮೋಗ್ಲೋಬಿನ್ ಸರಿಹೋದ ಕೂಡಲೇ ನಿಲ್ಲಿಸುವುದು ಸಾಮಾನ್ಯ ತಪ್ಪು. ಸಂಗ್ರಹ ತುಂಬಲು ಮತ್ತೆ ಸುಮಾರು ಮೂರು ತಿಂಗಳು ಬೇಕು.

ಗರ್ಭಿಣಿಯರಿಗೆ ಆಶಾ ಕಾರ್ಯಕರ್ತೆಯರು ಕೊಡುವ ಕೆಂಪು ಗುಳಿಗೆಯಲ್ಲಿ 60 ಮಿ.ಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಸಿಡ್ ಇರುತ್ತದೆ. ನಾಲ್ಕನೇ ತಿಂಗಳಿನಿಂದ 180 ದಿನ, ದಿನಕ್ಕೊಂದು. ವೈದ್ಯರು ಬೇರೆ ಹೇಳದಿದ್ದರೆ ಈ ಕ್ರಮ ತಪ್ಪಿಸಬೇಡಿ. ಈ ಕೆಂಪು ಗುಳಿಗೆ ಮಕ್ಕಳ ಕಣ್ಣಿಗೆ ಪೆಪ್ಪರ್‌ಮೆಂಟಿನಂತೆ ಕಾಣುತ್ತದೆ. ಮಗು ನುಂಗಿದೆ ಎಂಬ ಅನುಮಾನ ಬಂದರೂ ಸಾಕು, ಅದು ಆಟವಾಡುತ್ತಿದ್ದರೂ ಪಟ್ಟಿ ಸಮೇತ ಹುಬ್ಬಳ್ಳಿಯ ಕೆಎಂಸಿಆರ್‌ಐ (ಹಿಂದಿನ ಕಿಮ್ಸ್), ಗದಗದ ಜಿಮ್ಸ್, ಹಾವೇರಿ ಜಿಲ್ಲಾ ಆಸ್ಪತ್ರೆ, ಹೀಗೆ ಹತ್ತಿರದ ತುರ್ತು ವಿಭಾಗಕ್ಕೆ ಓಡಿ.

ಡಿ ಮತ್ತು ಕ್ಯಾಲ್ಸಿಯಂ

ಎ, ಡಿ, ಇ, ಕೆ ಜಿಡ್ಡಿನಲ್ಲಿ ಕರಗುವಂಥವು. ಖಾಲಿ ಹೊಟ್ಟೆಯಲ್ಲಿ ನುಂಗಿದರೆ ಸರಿಯಾಗಿ ಹೀರುವುದಿಲ್ಲ. ಎಣ್ಣೆಗಾಯಿ, ಶೇಂಗಾ ಹಿಂಡಿ ಅಥವಾ ತುಪ್ಪ ಇರುವ ಊಟದ ಜೊತೆ ತೆಗೆದುಕೊಳ್ಳಿ. ಡಿ3 ಪುಡಿಯ ಪೊಟ್ಟಣವನ್ನು ಕೆನೆ ತೆಗೆಯದ ಹಾಲಿಗೆ ಹಾಕಿ, ಲೋಟದ ತಳಕ್ಕೆ ಅಂಟಿದ್ದನ್ನೂ ಇನ್ನಷ್ಟು ಹಾಲು ಹಾಕಿ ಕಲಕಿ ಕುಡಿಯಿರಿ.

ದೊಡ್ಡ ಅನಾಹುತ ಆಗುವುದು ಈ ಪೊಟ್ಟಣದಲ್ಲಿಯೇ. 60,000 ಐಯು ಪೊಟ್ಟಣ ವಾರಕ್ಕೊಂದು, ಸಾಮಾನ್ಯವಾಗಿ ಎಂಟು ವಾರ. ಕೆಲವರು ಚೀಟಿ ತಪ್ಪಾಗಿ ಓದಿ ದಿನಾ ಕುಡಿಯುತ್ತಾರೆ. ದಿನದ ಅಗತ್ಯ 600 ಐಯು, ಅಂದರೆ ಒಂದು ಪೊಟ್ಟಣ ನೂರು ದಿನದ ಪಾಲು. ಹೆಚ್ಚಾದದ್ದು ಮೂತ್ರದಲ್ಲಿ ಹೋಗುವುದಿಲ್ಲ, ರಕ್ತದ ಕ್ಯಾಲ್ಸಿಯಂ ಏರಿಸುತ್ತದೆ: ವಾಕರಿಕೆ, ಮಲಬದ್ಧತೆ, ವಿಪರೀತ ಬಾಯಾರಿಕೆ, ಪದೇಪದೇ ಮೂತ್ರ, ಕೊನೆಗೆ ಕಿಡ್ನಿಗೆ ಪೆಟ್ಟು. ಕ್ಯಾಲೆಂಡರಿನ ಮೇಲೆ ವಾರದ ಒಂದು ದಿನಕ್ಕೆ ಗುರುತು ಹಾಕಿಡಿ.

ಕ್ಯಾಲ್ಸಿಯಂ ಒಂದು ಬಾರಿಗೆ 500 ಮಿ.ಗ್ರಾಂ ಮೀರದಿರಲಿ, ಮೀರಿದರೆ ಹೀರಿಕೆಯ ಪ್ರಮಾಣ ಇಳಿಯುತ್ತದೆ. ಕಾರ್ಬೊನೇಟ್ ಕರಗಲು ಆಮ್ಲ ಬೇಕಾದ್ದರಿಂದ ಊಟದ ಜೊತೆಗೇ ಇರಲಿ. ಗ್ಯಾಸಿನ ಗುಳಿಗೆ ಬಿಡಲಾಗದವರಿಗೆ ಸಿಟ್ರೇಟ್ ಒಳ್ಳೆಯದು.

ದಿನದ ವೇಳಾಪಟ್ಟಿ

ಥೈರಾಯ್ಡ್‌ಗೆ ಕೊಡುವ ಥೈರಾಕ್ಸಿನ್ ಗುಳಿಗೆ ಇದ್ದರೆ ಬೆಳಿಗ್ಗೆ 6ಕ್ಕೆ, ಬರೀ ನೀರಿನಲ್ಲಿ. ಕಬ್ಬಿಣ, ಕ್ಯಾಲ್ಸಿಯಂ ಅದಕ್ಕಿಂತ ನಾಲ್ಕು ತಾಸು ದೂರ. 8.30ಕ್ಕೆ ನಾಷ್ಟಾ, ಚಹಾ, ಬಿ12. 11ಕ್ಕೆ ಲಿಂಬೆ ನೀರಿನಲ್ಲಿ ಕಬ್ಬಿಣ. ಮಧ್ಯಾಹ್ನ 1.30ರ ಊಟದ ಜೊತೆ ಡಿ ಅಥವಾ ಮಲ್ಟಿವಿಟಮಿನ್. ರಾತ್ರಿ ಊಟದ ಜೊತೆ ಕ್ಯಾಲ್ಸಿಯಂ. ಡಾಕ್ಸಿಸೈಕ್ಲಿನ್, ಸಿಪ್ರೊಫ್ಲಾಕ್ಸಾಸಿನ್‌ನಂಥ ಆಂಟಿಬಯೋಟಿಕ್ ನಡೆದಿದ್ದರೆ ಕಬ್ಬಿಣ-ಕ್ಯಾಲ್ಸಿಯಂ ಎಷ್ಟು ದೂರವಿರಬೇಕೆಂದು ಕೇಳಿಕೊಳ್ಳಿ. ರಕ್ತ ತೆಳುವಾಗಿಸುವ ವಾರ್ಫರಿನ್ ನುಂಗುವವರು ಕೆ ಇರುವ ಗುಳಿಗೆಯನ್ನು, ಗರ್ಭಿಣಿಯರು ಹೆಚ್ಚು ಪ್ರಮಾಣದ ವಿಟಮಿನ್ ಎ ಅನ್ನು ಕೇಳದೆ ಮುಟ್ಟಬಾರದು. ಬಿ6 ಹೆಚ್ಚಿರುವ ನರದ ಗುಳಿಗೆಯನ್ನು ವರ್ಷಗಟ್ಟಲೆ ನುಂಗಿದರೆ ಅದೇ ನರಕ್ಕೆ ಕೇಡು ಮಾಡಬಹುದು.

ಏಪ್ರಿಲ್-ಮೇ ಬಿಸಿಲಿನಲ್ಲಿ ಗುಳಿಗೆಗಳನ್ನು ಒಲೆಯ ಮೇಲಿನ ಮಾಡಿನಲ್ಲಿ, ಬಚ್ಚಲಲ್ಲಿ ಇಡಬೇಡಿ. ಪಟ್ಟಿಯಿಂದ ಬಿಡಿಸಿ ಡಬ್ಬಿಗೆ ತುಂಬಿದರೆ ತೇವ ಹಿಡಿಯುತ್ತದೆ.

ಮೂರು ತಿಂಗಳ ಮೇಲೆ ಮರುಪರೀಕ್ಷೆ ಮಾಡಿಸಿ. ಕೂದಲಿಗೆಂದು ಬಯೋಟಿನ್ ನುಂಗುತ್ತಿದ್ದರೆ ಪರೀಕ್ಷೆಗೆ ಮೂರು ದಿನ ಮೊದಲೇ ನಿಲ್ಲಿಸಿ, ಲ್ಯಾಬಿನವರಿಗೂ ಹೇಳಿ. ಅದು ಥೈರಾಯ್ಡ್ ವರದಿಯನ್ನಷ್ಟೇ ಅಲ್ಲ, ಎದೆನೋವು ಬಂದಾಗ ಮಾಡುವ ಟ್ರೋಪೋನಿನ್ ವರದಿಯನ್ನೂ ತಪ್ಪಾಗಿ ತೋರಿಸಬಲ್ಲದು.